ಜುಮ್ ಅನ್ನುವ ಹಲ್ಲಿಗೆ ಇದ್ದಿಲು ಉಜ್ಜಬೇಡಿ

ಪ್ರಶ್ನೆ: ನಮ್ಮದು ಬಾಗೇಪಲ್ಲಿ ಹತ್ತಿರದ ಹಳ್ಳಿ. ಚಿಕ್ಕಂದಿನಿಂದ ಹಲ್ಲಿನ ಮೇಲೆ ಕಂದು ಕಲೆ ಇದೆ. ಇದ್ದಿಲು ಪುಡಿಗೆ ಉಪ್ಪು, ನಿಂಬೆರಸ ಹಾಕಿ ಉಜ್ಜುತ್ತಿದ್ದೇನೆ. ಈಗ ತಣ್ಣೀರು ಕುಡಿದರೆ ಜುಮ್ ಅನ್ನುತ್ತದೆ. ಸೆನ್ಸಿಟಿವ್ ಪೇಸ್ಟ್ ನಾಲ್ಕು ದಿನ ಹಾಕಿದೆ, ಕಡಿಮೆ ಆಗಲಿಲ್ಲ.

ಉತ್ತರ: ಮೊದಲು ಆ ಪುಡಿ ಬಿಸಾಡಿ. ಪಾವಗಡ, ಮುಳಬಾಗಿಲು ಕಡೆಯಿಂದಲೂ ಇದೇ ಪ್ರಶ್ನೆ ಬರುತ್ತಲೇ ಇದೆ, ಎಷ್ಟು ಸಲ ಹೇಳಿದರೂ ಯಾವುದೋ ವಿಡಿಯೋ ನೋಡಿ ಮತ್ತೆ ನಿಂಬೆಹಣ್ಣು ಹಿಂಡುತ್ತಾರೆ. ನಮ್ಮ ಕಡೆ ಎಷ್ಟೋ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಎಂಬ ಖನಿಜಾಂಶ ಜಾಸ್ತಿ, ನಿಮ್ಮ ಕಲೆಗೆ ಅದೇ ಕಾರಣ ಇರಬೇಕು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ದಾಟುತ್ತದೆ. ಆ ನೀರು ಕುಡಿದರೆ ಸುಮಾರು 8 ವರ್ಷದೊಳಗೆ, ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಕೆಡುತ್ತದೆ, ಬಣ್ಣ ಅದರೊಳಗೆ ಇಳಿಯುತ್ತದೆ. ಮೇಲಿಂದ ಉಜ್ಜಿದರೆ ಹೇಗೆ ಹೋಗುತ್ತದೆ?

ನಿಂಬೆರಸ ಎನಾಮಲ್ಲನ್ನು ಮೆತ್ತಗೆ ಮಾಡುತ್ತದೆ, ಇದ್ದಿಲು ಅದನ್ನು ಕೆರೆಯುತ್ತದೆ. ಕನ್ನಡಿ ಮುಂದೆ ತುಟಿ ಎತ್ತಿ ನೋಡಿ. ಕೋರೆಹಲ್ಲಿನ ಬುಡದಲ್ಲಿ, ಒಸಡಿನ ಅಂಚಿಗೆ, ಹಳದಿ ಕಚ್ಚು ಇದ್ದು ಉಗುರು ಸಿಕ್ಕಿಕೊಂಡರೆ ಅಲ್ಲಿ ಡೆಂಟಿನ್, ಅಂದರೆ ಹಲ್ಲಿನ ಒಳಪದರ, ತೆರೆದುಕೊಂಡಿದೆ. ಅದರ ತುಂಬ ಕಣ್ಣಿಗೆ ಕಾಣದ ಕೊಳವೆಗಳು, ಒಳಗೆ ದ್ರವ. ತಣ್ಣೀರು ತಾಗಿದರೆ ಆ ದ್ರವ ಅಲುಗಿ ನರ ಎಚ್ಚರಾಗುತ್ತದೆ.

ನಾಲ್ಕು ದಿನಕ್ಕೆ ಇಂಥ ಪೇಸ್ಟ್ ಸಾಮಾನ್ಯವಾಗಿ ಪೂರ್ತಿ ಕೆಲಸ ಮಾಡುವುದಿಲ್ಲ. 5% ಪೊಟ್ಯಾಸಿಯಂ ನೈಟ್ರೇಟ್ ಇರುವುದನ್ನು ಮೆತ್ತನೆ ಬ್ರಷ್‌ನಲ್ಲಿ ದಿನಕ್ಕೆ ಎರಡು ಸಲ, 2ರಿಂದ 4 ವಾರ ಬಳಸಿ. ನೊರೆ ಉಗುಳಿ ಸಾಕು, ನೀರು ಹಾಕಿ ಮುಕ್ಕಳಿಸಿದರೆ ಔಷಧಿಯೆಲ್ಲ ತೊಳೆದುಹೋಗುತ್ತದೆ. ಮಾವಿನಕಾಯಿ, ಹುಣಸೆಕಾಯಿ ತಿಂದ ಮೇಲೆ ಅರ್ಧ ಗಂಟೆ ಬ್ರಷ್ ಮುಟ್ಟಬೇಡಿ. ಕಚ್ಚು ಆಳವಿದ್ದರೆ ಫಿಲ್ಲಿಂಗ್ ಹಾಕಿ ಮುಚ್ಚುತ್ತೇವೆ, ಕಲೆಗೂ ಚಿಕಿತ್ಸೆ ಇದೆ, ಬಂದು ತೋರಿಸಿ. ಆದರೆ ಒಂದೇ ಹಲ್ಲು ನೋಯುತ್ತಿದ್ದರೆ, ಬಿಸಿ ಕಾಫಿಗೆ ಬಂದ ನೋವು ಎಷ್ಟು ಹೊತ್ತಾದರೂ ನಿಲ್ಲದಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಸುಮ್ನೆ ಪೇಸ್ಟ್ ಹಚ್ಚಿಕೊಂಡು ಕಾಯಬೇಡಿ. ಹುಳುಕು ನರದವರೆಗೆ ಹೋಗಿರಬಹುದು, ಅದಕ್ಕೆ ನಾನು ಒಂದು ವಾರವೂ ತಡೆಯಲು ಹೇಳುವುದಿಲ್ಲ.

ಪ್ರಶ್ನೆ: ನೀರು ಕುದಿಸಿ ಕುಡಿದರೆ ಫ್ಲೋರೈಡ್ ಹೋಗುತ್ತದಾ?

ಉತ್ತರ: ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಜಾಸ್ತಿ ಆಗುತ್ತದೆ. ಮಕ್ಕಳಿಗೆ ಆರ್‌ಒ ನೀರು ಕೊಡಿ.

ಪ್ರಶ್ನೆ: ಲವಂಗದ ಎಣ್ಣೆ ಹಚ್ಚಬಹುದಾ?

ಉತ್ತರ: ಸ್ವಲ್ಪ ಹೊತ್ತು ಜೋಮು ಹಿಡಿಸುತ್ತದೆ, ಅಷ್ಟೇ. ಒಸಡಿಗೆ ತಾಗಿದರೆ ಸುಡುತ್ತದೆ.

ಪ್ರಶ್ನೆ: ಸಂತೆಯಲ್ಲಿ ಒಬ್ಬರು ಔಷಧಿ ಹಚ್ಚಿ ಐದು ನಿಮಿಷಕ್ಕೆ ಹಲ್ಲು ಬಿಳಿ ಮಾಡುತ್ತಾರಂತೆ?

ಉತ್ತರ: ಅಷ್ಟು ಬೇಗ ಬಿಳಿ ಮಾಡುವುದು ಆಸಿಡ್. ಅವರ ಹತ್ತಿರ ಬಾಯಿ ತೆರೆಯಬೇಡಿ.