ಮಾರಿಸ್ ಹುಟ್ಟಿದ ಮನೆ ಯಾವುದು?

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ‘ವಿನ್ಯಾಸಕಾರ ವಿಲಿಯಂ ಮಾರಿಸ್ ಹುಟ್ಟಿದ ಮನೆ, ವಾಲ್ತಮ್‌ಸ್ಟೋ’ ಎಂದು ನಾವು ಅಚ್ಚು ಹಾಕಿದ ಚಿತ್ರವನ್ನು ನೀವು ಸಂದೇಹಿಸಿದ್ದೀರಿ. ಗೋಡೆಕಾಗದ, ನೇಯ್ಗೆಗಳ ವಿನ್ಯಾಸಕ್ಕೆ ಹೆಸರಾದ ಈ ಇಂಗ್ಲಿಷ್ ಕಲಾವಿದನಿಗೆ, ಲಂಡನ್ನಿನ ಹಣಕಾಸು ವ್ಯವಹಾರಸ್ಥನ ಮಗನಿಗೆ, ಬಳ್ಳಿ, ಹಕ್ಕಿ, ಎಲೆಗಳ ಹುಚ್ಚು ಹಿಡಿದದ್ದು ಹೇಗೆಂದೂ ಕೇಳಿದ್ದೀರಿ.

ಸಂದೇಹ ಸರಿಯಾಗಿದೆ, ತಪ್ಪು ನಮ್ಮದು. ಮಾರಿಸ್ 1834ರ ಮಾರ್ಚ್ 24ರಂದು ಹುಟ್ಟಿದ್ದು ಲಂಡನ್ ಬಳಿಯ ಅದೇ ವಾಲ್ತಮ್‌ಸ್ಟೋ ಊರಿನ ಎಲ್ಮ್ ಹೌಸ್ ಎಂಬ ಮನೆಯಲ್ಲಿ. ಅದು ಈಗ ಇಲ್ಲ. ಚಿತ್ರದಲ್ಲಿರುವುದು ವಾಟರ್ ಹೌಸ್. ತಂದೆ ತೀರಿಕೊಂಡ ಮರುವರ್ಷ, 1848ರಲ್ಲಿ, ತಾಯಿ ಮಕ್ಕಳೊಂದಿಗೆ ಅಲ್ಲಿಗೆ ಬಂದರು. ಆ ಹೊತ್ತಿಗೆ ಹುಡುಗ ಮಾರ್ಲ್‌ಬರೋ ಶಾಲೆಯ ವಸತಿ ವಿದ್ಯಾರ್ಥಿಯಾಗಿದ್ದ. ಮನೆಯ ಹಿಂದಿನ ಕಂದಕದ ನೀರು, ಅದರ ನಡುವಿನ ಪುಟ್ಟ ದ್ವೀಪ ಅವನಿಗೆ ದಕ್ಕಿದ್ದು ರಜೆಯ ದಿನಗಳಲ್ಲಿ ಮಾತ್ರ. 1950ರಲ್ಲಿ ಈ ಮನೆ ಮಾರಿಸ್ ವಸ್ತುಸಂಗ್ರಹಾಲಯವಾಯಿತು. ಉಳಿದುಕೊಂಡ ಮನೆಗೇ ಜನ್ಮಸ್ಥಳದ ಪಟ್ಟ ಕಟ್ಟುವ ಅವಸರ ನಮ್ಮ ಊರುಗಳಲ್ಲೂ ಉಂಟಲ್ಲ, ನಾವೂ ಅದಕ್ಕೇ ಬಲಿಯಾದೆವು.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇರುವುದು ಈ ಎರಡೂ ಮನೆಗಳಲ್ಲಲ್ಲ, ನಡುವಿನ ವುಡ್‌ಫರ್ಡ್ ಹಾಲ್‌ನಲ್ಲಿ ಎಂಬುದು ನನ್ನ ಅಭಿಪ್ರಾಯ. 1840ರಿಂದ 1848ರವರೆಗೆ, ಅಂದರೆ ಆರರಿಂದ ಹದಿನಾಲ್ಕರ ವಯಸ್ಸಿನವರೆಗೆ, ಮಾರಿಸ್ ಬೆಳೆದದ್ದು ಸುಮಾರು 50 ಎಕರೆ ಉದ್ಯಾನವಿದ್ದ ಆ ಮನೆಯಲ್ಲಿ. ಬೆಣ್ಣೆ, ಬ್ರೆಡ್, ಬಿಯರ್ ಎಲ್ಲವೂ ಮನೆಯಲ್ಲೇ ತಯಾರಾಗುತ್ತಿದ್ದವು. ಬೇಲಿ ದಾಟಿದರೆ ಎಪಿಂಗ್ ಕಾಡು. ಸೌದೆಗಾಗಿ ತಲೆ ಕಡಿದು ಕಡಿದು ಗಂಟುಗಂಟಾಗಿ ಬೆಳೆದ ಹಾರ್ನ್‌ಬೀಮ್ ಮರಗಳ ನಡುವೆ ಹುಡುಗ ಆಟದ ಕವಚ ತೊಟ್ಟು ಪುಟ್ಟ ಕುದುರೆಯ ಮೇಲೆ ಅಲೆಯುತ್ತಿದ್ದ. ಕಾಡಿನಂಚಿನ ಚಿಂಗ್‌ಫರ್ಡ್‌ನಲ್ಲಿ ರಾಣಿ ಎಲಿಜಬೆತಳ ಹೆಸರಿನ ಹಳೆಯ ಬೇಟೆಮನೆಯೊಂದಿದೆ. ಅಲ್ಲಿನ ಕೋಣೆಯೊಂದರ ಗೋಡೆಗೆ ತೂಗುಬಿಟ್ಟಿದ್ದ, ಬಣ್ಣ ಮಾಸಿದ ಎಲೆಹಸಿರಿನ ನೇಯ್ಗೆಯನ್ನು ಬಾಲ್ಯದಲ್ಲಿ ಕಂಡು ಬೆರಗಾದದ್ದನ್ನು ಮಾರಿಸ್ ದಶಕಗಳ ಅನಂತರ ಉಪನ್ಯಾಸವೊಂದರಲ್ಲಿ ನೆನೆದರು. ಆ ಬೆರಗು ಅವರನ್ನು ಬಿಡಲಿಲ್ಲವೆಂದೇ ತೋರುತ್ತದೆ: 1879ರಲ್ಲಿ ಅವರು ಮಲಗುವ ಕೋಣೆಯಲ್ಲೇ ಮಗ್ಗ ಹೂಡಿ, 500ಕ್ಕೂ ಹೆಚ್ಚು ಗಂಟೆ ಕುಳಿತು ತಮ್ಮ ಮೊದಲ ಚಿತ್ರಪಟವನ್ನು ನೇಯ್ದರು. ಅದರ ತುಂಬ ಇದ್ದದ್ದು ಎಲೆ, ಬಳ್ಳಿ, ಹಕ್ಕಿಗಳೇ.

ಈ ಹಸಿರಿಗೆ ಹಣ ಒದಗಿಸಿದ್ದು ಮಾತ್ರ ನೆಲದಡಿಯ ತಾಮ್ರ. ಡೆವನ್ ಪ್ರಾಂತ್ಯದ ಗಣಿ ಕಂಪನಿಯೊಂದರ 1,024 ಷೇರುಗಳಲ್ಲಿ 272 ತಂದೆಯ ಪಾಲಿಗಿದ್ದವು. ಇಪ್ಪತ್ತೊಂದು ತುಂಬಿದಾಗ ಮಗನಿಗೆ ಅದರಿಂದ ವರ್ಷಕ್ಕೆ ಸುಮಾರು 900 ಪೌಂಡ್ ಬರತೊಡಗಿತು. ಅದೇ ಗಣಿ ಮುಂದೆ ಆರ್ಸೆನಿಕ್ ವಿಷವನ್ನೂ ಹೇರಳವಾಗಿ ತೆಗೆಯಿತು. ಮಾರಿಸ್‌ರ ಮೊದಮೊದಲ ಗೋಡೆಕಾಗದಗಳ ಹಸಿರು ಬಣ್ಣದಲ್ಲಿಯೂ ಆರ್ಸೆನಿಕ್ ಇತ್ತು. 1871ರಿಂದ 1875ರವರೆಗೆ ಅವರೇ ಆ ಕಂಪನಿಯ ನಿರ್ದೇಶಕರಲ್ಲಿ ಒಬ್ಬರಾಗಿದ್ದರೆಂಬುದನ್ನು ಅವರ ಅಭಿಮಾನಿಯಾದ ನಾನು ಮುಚ್ಚಿಡಲಾರೆ.

ಚಿತ್ರದ ಕೆಳಗಿನ ಸಾಲನ್ನು ಓದುಗರು ‘ಮಾರಿಸ್ ಕುಟುಂಬ 1848ರಿಂದ 1856ರವರೆಗೆ ವಾಸವಿದ್ದ ವಾಟರ್ ಹೌಸ್’ ಎಂದು ತಿದ್ದಿ ಓದಿಕೊಳ್ಳಬೇಕಾಗಿ ವಿನಂತಿ.

– ಸಂಪಾದಕ