ಮಗಳಿಗೆ ಒಂಬತ್ತು ವರ್ಷ, ಚೆಸ್ ಹುಚ್ಚು. ಬೇಗ ರೇಟಿಂಗ್ ಬರಲು ಯಾವ ಕೋಚಿಂಗ್ ಕೊಡಿಸಲಿ?

ಆಟಗಾರರ ಬಲ ಅಳೆಯುವ ಈ ರೇಟಿಂಗ್ ಅಂಕದ ಹಿಂದೆ ಬಿದ್ದು ನಾನೂ ಊರೂರು ಅಲೆದವನೇ. ನಮ್ಮದು ಶಿರಸಿ. ಮಗ ಆಟ ಕಲಿತದ್ದು ಜಗಲಿಯಲ್ಲಿ, ಅಜ್ಜನ ಹತ್ತಿರ. ಸೋಲುವ ಹಾಗಾದರೆ ಅಜ್ಜ ಕವಳ ಹಾಕುವ ನೆಪ ಹೇಳಿ ಎದ್ದುಬಿಡುತ್ತಿದ್ದರು! ಆಮೇಲೆ ನಾನು ಮಧ್ಯೆ ಬಂದೆ.

ಹುಬ್ಬಳ್ಳಿ, ಕುಮಟಾ, ಶಿವಮೊಗ್ಗ ಅಂತ ಟೂರ್ನಮೆಂಟುಗಳಿಗೆ ಕರೆದುಕೊಂಡು ಹೋಗುತ್ತಿದ್ದೆ. ರೌಂಡ್ ಮುಗಿದ ಕೂಡಲೇ ಅವನು ನಡೆ ಬರೆದ ಹಾಳೆ ಇಸಕೊಂಡು ಮೊಬೈಲಿನಲ್ಲಿ ಸ್ಟಾಕ್‌ಫಿಶ್‌ಗೆ ಹಾಕೋದು. ಗ್ರ್ಯಾಂಡ್‌ಮಾಸ್ಟರುಗಳನ್ನೇ ಮಣಿಸುವ ಎಂಜಿನ್ ಅದು, ಅಂದರೆ ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂ. ಮಕ್ಕಳ ಆಟದಲ್ಲಿ ತಪ್ಪು ಹುಡುಕೋದು ಅದಕ್ಕೆ ಯಾವ ಲೆಕ್ಕ? ಗೆದ್ದ ಆಟದಲ್ಲೂ ಕೆಂಪು ಪ್ರಶ್ನೆ ಗುರುತು. ಕುಮಟಾದಿಂದ ವಾಪಸ್ ಬರುವಾಗ ಬಸ್ಸಿನಲ್ಲೂ "ಇಲ್ಲಿ ಕುದುರೆ ಯಾಕೆ ಹೊಡೀಲಿಲ್ಲ?" ಅಂತ ಶುರು. ದೇವಿಮನೆ ಘಟ್ಟದಲ್ಲಿ ನೆಟ್‌ವರ್ಕ್ ಹೋದಾಗಷ್ಟೇ ಪಾಪ ಅವನಿಗೆ ಬಿಡುವು.

ಬರಬರುತ್ತಾ ಹಾಳೆಯಲ್ಲಿ ಅಕ್ಷರ ಕೆಟ್ಟಿತು. ಮೊದಲ ನಾಲ್ಕಾರು ನಡೆ ಮುದ್ದಾಗಿ, ಆಮೇಲೆ ಕಾಗೆಕಾಲು ಗುಬ್ಬಿಕಾಲು. ಬರೆದ ಮನೆ ಎಫ್6ಓ ಎಫ್8ಓ ದೇವರಿಗೇ ಗೊತ್ತು. ನನಗೆ ಓದಲು ಬರಬಾರದು ಅಂತ ಬೇಕಂತಲೇ ಹಾಗೆ ಬರೆಯುತ್ತಿದ್ದ. ನಾನೋ, ಕೈಬರಹ ಸರಿಮಾಡ್ಕೋ ಅಂತ ಬೈದೆ.

ಒಂದು ಆಟದಲ್ಲಿ ಸೋಲುವ ಸ್ಥಿತಿಯಿಂದ ಮಂತ್ರಿಯಲ್ಲಿ ಚೆಕ್ ಮೇಲೆ ಚೆಕ್ ಕೊಟ್ಟು ಬಚಾವಾಗಿದ್ದ. ಬೋರ್ಡಿನಲ್ಲಿ ಅದೇ ಸ್ಥಿತಿ ಮೂರನೇ ಸಲ ಬಂದರೆ ಡ್ರಾ ಕೇಳಬಹುದು. ಕೇಳಿದ. ತೀರ್ಪುಗಾರರು ಹಾಳೆ ನೋಡಿದರೆ ಓದಲು ಏನೂ ಇಲ್ಲ. ಎದುರಿನ ಹುಡುಗನದೂ ಅಷ್ಟಕ್ಕಷ್ಟೇ. ಒಪ್ಪಲಿಲ್ಲ, ಆ ಹುಡುಗನಿಗೆ ನಿಯಮದಂತೆ ಎರಡು ನಿಮಿಷ ಜಾಸ್ತಿಯೂ ಸಿಕ್ಕಿತು. ಸುಮ್ನೆ ಅದೇ ಚೆಕ್ ಮುಂದುವರಿಸಿದ್ದರೆ ಐದನೇ ಸಲಕ್ಕೆ ತಾನಾಗಿಯೇ ಡ್ರಾ ಆಗುತ್ತಿತ್ತು. ಗಾಬರಿಯಲ್ಲಿ ಮಂತ್ರಿಯನ್ನು ಬೇರೆ ಮನೆಗೆ ಇಟ್ಟ, ಸೋತ. ಆ ಮಳೆಗಾಲ ಪೂರ್ತಿ ಬೋರ್ಡ್ ಮುಟ್ಟಲಿಲ್ಲ. ಹಾಳೆ ಯಾಕೆ ಹಾಗೆ ಬರೀತಿದ್ದೆ ಅಂತ ಅಮ್ಮನ ಹತ್ತಿರ ಹೇಳಿದ, ನನ್ನ ಹತ್ತಿರ ಅಲ್ಲ.

ಈಗ ಆಡುತ್ತಾನೆ. ಎಂಜಿನ್ ಮರುದಿನ, ಅದೂ ಅವನೇ ತೆರೆದರೆ ಮಾತ್ರ.

ನಿಮ್ಮ ಪ್ರಶ್ನೆಯಲ್ಲಿ 'ಬೇಗ' ಅನ್ನೋದನ್ನು ಮೊದಲು ತೆಗೆದುಹಾಕಿ. 2024ರ ಮಾರ್ಚ್‌ನಿಂದ ವಿಶ್ವ ಚೆಸ್ ಸಂಸ್ಥೆ ಫಿಡೆ ಕನಿಷ್ಠ ರೇಟಿಂಗನ್ನು 1000ದಿಂದ 1400ಕ್ಕೆ ಏರಿಸಿದೆ. ಅದಕ್ಕಿಂತ ಕೆಳಗಿದ್ದರೆ ಪಟ್ಟಿಯಲ್ಲಿ ಹೆಸರೇ ಬರಲ್ಲ. ಒಂಬತ್ತು ವರ್ಷಕ್ಕೆ ಅದರ ಚಿಂತೆ ಯಾಕೆ? ಬಂದ ಮೇಲೂ ಮಕ್ಕಳ ರೇಟಿಂಗ್ ಸಿಕ್ಕಾಪಟ್ಟೆ ಮೇಲೆ ಕೆಳಗೆ ಆಗುತ್ತದೆ. ಪ್ರತಿ ಆಟಕ್ಕೆ ಅಂಕ ಎಷ್ಟು ಏರಿಳಿಯಬೇಕು ಅಂತ ಲೆಕ್ಕ ಹಾಕುವಾಗ ಅವರಿಗೆ 40ರ ಗುಣಕ, ಆಡಿ ಪಳಗಿದ ದೊಡ್ಡವರಿಗೆ 20. ಒಂದು ಕೆಟ್ಟ ವಾರ ಸಾಕು, ಅಪ್ಪ ಅಮ್ಮನ ಬಿಪಿ ಏರಲು.

ಕೋಚ್ ಬೇಕೇ ಬೇಕು ಅಂದರೆ, ಮಗು ಬರೆದ ಹಾಳೆ ಮುಂದಿಟ್ಟುಕೊಂಡು "ಇಲ್ಲಿ ಏನು ಯೋಚನೆ ಮಾಡಿದ್ದೆ ಪುಟ್ಟಿ?" ಅಂತ ಕೇಳುವವರನ್ನು ಹುಡುಕಿ. ಮೊದಲ ದಿನವೇ ಓಪನಿಂಗ್ (ಆಟದ ಆರಂಭದ ನಡೆಗಳ) ಪಿಡಿಎಫ್ ಕಳಿಸುವವರಿಗೆ ಫೀಸ್ ಕಟ್ಟಬೇಡಿ.