ಹೊಸ ಬಲ್ಬ್ ಹಾಕಿದರೂ ಪಿಕಪ್‌ನ ಒಂದು ಹೆಡ್‌ಲೈಟ್ ಮಂಕಾಗಿಯೇ ಉರಿಯುವುದೇಕೆ?

ಎಡಗಡೆಯ ಹೆಡ್‌ಲೈಟ್ ಕೆಂಪಗೆ ಮಂಕಾಗಿ ಉರಿಯುತ್ತದೆ, ಹೊಸ ಬಲ್ಬ್ ಹಾಕಿದರೂ ಸರಿಹೋಗಿಲ್ಲ, ಡಿಪ್‌ನಲ್ಲಿದ್ದಾಗಲೂ ಮೀಟರ್ ಬೋರ್ಡಿನ ನೀಲಿ ದೀಪ ಸಣ್ಣಗೆ ಹೊತ್ತಿಕೊಂಡಿರುತ್ತದೆ ಎಂದು ಬರೆದಿದ್ದೀರಿ. ಬ್ರೈಟ್ ಹಾಕಿದಾಗ ಮಾತ್ರ ಹೊತ್ತಬೇಕಾದ ಈ ನೀಲಿ ದೀಪದ ವಿಷಯವೇ ಇವುಗಳಲ್ಲಿ ಮುಖ್ಯ ಸುಳಿವು. ಎಡ ಬಲ್ಬಿನ ಅರ್ತ್, ಅಂದರೆ ಕರೆಂಟನ್ನು ಗಾಡಿಯ ಲೋಹದ ಮೈ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಹಿಂದಿರುಗಿಸುವ ಸಂಪರ್ಕ, ಕಡಿದಿದೆ ಅಥವಾ ತುಕ್ಕು ಹಿಡಿದಿದೆ ಎಂಬುದು ನನ್ನ ಬಲವಾದ ಅಂದಾಜು. ವಾಹನಗಳ ವೈರಿಂಗ್ ಕೆಲಸದಲ್ಲಿ ಈ ದೋಷವನ್ನು ಮತ್ತೆ ಮತ್ತೆ ಕಂಡಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿರುವ ಎಚ್‌4 ಬಲ್ಬಿನೊಳಗೆ ಬ್ರೈಟ್‌ಗೆ 60 ವ್ಯಾಟ್, ಡಿಪ್‌ಗೆ 55 ವ್ಯಾಟ್ ಎಂದು ಎರಡು ತಂತಿಸುರುಳಿಗಳಿದ್ದು, ಎರಡಕ್ಕೂ ಅರ್ತ್ ಒಂದೇ. ಆ ಅರ್ತ್ ಕೈಕೊಟ್ಟಾಗ ಡಿಪ್ ಸುರುಳಿಗೆ ಬಂದ ಕರೆಂಟ್ ಬ್ಯಾಟರಿಗೆ ಹಿಂದಿರುಗಲು ಬೇರೆ ದಾರಿಯಿಲ್ಲದೆ, ಅದೇ ಬಲ್ಬಿನ ಬ್ರೈಟ್ ಸುರುಳಿಯನ್ನು ಹಾದು ಬ್ರೈಟ್ ವೈರಿಗೆ ಸೇರಿ, ಅಲ್ಲಿಂದ ಬಲಗಡೆಯ ಬಲ್ಬ್ ಮತ್ತು ನೀಲಿ ದೀಪದ ಮೂಲಕ ಅರ್ತ್ ಹುಡುಕಿಕೊಳ್ಳುತ್ತದೆ. ಇರುವ ವೋಲ್ಟೇಜ್ ಹೀಗೆ ಹಲವು ಕಡೆ ಹಂಚಿಹೋಗುವುದರಿಂದ ಯಾವ ಸುರುಳಿಯೂ ಪೂರ್ತಿ ಬೆಳಗುವುದಿಲ್ಲ. ಬಲ್ಬ್ ಎಷ್ಟು ಹೊಸದಾದರೂ ಫಲಿತಾಂಶ ಇಷ್ಟೇ.

ಪರೀಕ್ಷಿಸುವಾಗ ಹೆಚ್ಚಿನವರು ಹೋಲ್ಡರ್ ಕಳಚಿ, ಮಲ್ಟಿಮೀಟರ್‌ನಲ್ಲಿ 12 ವೋಲ್ಟ್ ಕಂಡ ತಕ್ಷಣ ವೈರಿಂಗ್ ಸರಿಯಿದೆ ಎಂದು ತೀರ್ಮಾನಿಸಿಬಿಡುತ್ತಾರೆ. ಇದು ಸರಿಯಲ್ಲ. ಒಂದೇ ಒಂದು ಎಳೆ ಉಳಿದ ವೈರ್ ಕೂಡ ಲೋಡ್ ಇಲ್ಲದಿದ್ದಾಗ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಬಲ್ಬ್ ನಾಲ್ಕೈದು ಆಂಪಿಯರ್ ಎಳೆಯತೊಡಗಿದಾಗಲೇ ಅದರ ನಿಜಸ್ಥಿತಿ ತಿಳಿಯುವುದು. ಆದ್ದರಿಂದ ಬಲ್ಬನ್ನು ಜಾಗದಲ್ಲೇ ಬಿಟ್ಟು, ಡಿಪ್ ಹಾಕಿ, ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೂ ಕೆಂಪು ಕಡ್ಡಿಯನ್ನು ಹೋಲ್ಡರಿನ ಹಿಂಬದಿಯಿಂದ ಅರ್ತ್ ಪಿನ್ನಿಗೂ ತಾಗಿಸಿ. ಅರ್ತ್ ಚೆನ್ನಾಗಿದ್ದರೆ ಮೀಟರ್ ಬಹುತೇಕ ಸೊನ್ನೆ ತೋರಿಸಬೇಕು. ಅರ್ಧ ವೋಲ್ಟ್ ದಾಟಿದರೆ ದೋಷ ಅಲ್ಲಿಯೇ ಇದೆ. ಮೀಟರ್ ಇಲ್ಲದಿದ್ದರೆ ಬ್ಯಾಟರಿಯ ನೆಗೆಟಿವ್‌ನಿಂದ ಒಂದು ದಪ್ಪ ವೈರ್ ಎಳೆದು ಅದೇ ಪಿನ್ನಿಗೆ ಮುಟ್ಟಿಸಿ ನೋಡಿ: ದೀಪ ಕೂಡಲೇ ಬೆಳ್ಳಗೆ ಉರಿದು ನೀಲಿ ದೀಪ ಆರಿದರೆ ಬೇರೆ ಪುರಾವೆ ಬೇಕಿಲ್ಲ.

ಅನಂತರ ಅರ್ತ್ ವೈರಿನ ಬೆನ್ನು ಹತ್ತಿ ಅದು ಗಾಡಿಯ ಲೋಹದ ಮೈಗೆ ಸೇರುವ ಬೋಲ್ಟನ್ನು ಹುಡುಕಿ. ಮಳೆನೀರು, ಕೆಸರು ಹಾರುವ ಜಾಗವಾದ್ದರಿಂದ ವೈರಿನ ತುದಿಯಲ್ಲಿರುವ ಬಳೆಯ ಕೆಳಗೆ ಹಸಿರು ಕಿಲುಬು ಕಟ್ಟಿರುತ್ತದೆ. ಕೆಲವೊಮ್ಮೆ ಡೆಂಟಿಂಗ್ ಮಾಡಿಸಿದಾಗ ಬೋಲ್ಟಿನ ಅಡಿಗೇ ಪೇಂಟ್ ಹೊಡೆದುಬಿಟ್ಟಿರುತ್ತಾರೆ. ಬ್ಯಾಟರಿಯ ನೆಗೆಟಿವ್ ಕಳಚಿಟ್ಟು, ಉಪ್ಪುಕಾಗದದಿಂದ ಎರಡೂ ಕಡೆ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿ. ಕಿಲುಬು ವೈರಿನೊಳಗೂ ಹೋಗಿದ್ದರೆ ಆ ತುಂಡನ್ನು ಕತ್ತರಿಸಿ ಹೊಸದನ್ನೇ ಹಾಕಬೇಕು.

ಅರ್ತ್ ಸರಿಯಿದ್ದೂ ಎರಡೂ ದೀಪಗಳು ಮಂಕಾಗಿದ್ದರೆ ಮಾತು ಬೇರೆ. ಆಗ ಎಂಜಿನ್ ಚಾಲೂ ಮಾಡಿ ಬ್ಯಾಟರಿಯ ತುದಿಗಳಲ್ಲಿ ಸುಮಾರು 13.8ರಿಂದ 14.4 ವೋಲ್ಟ್ ಬರುತ್ತಿದೆಯೇ ಎಂದು ನೋಡಿ, ಬಂದರೆ ಫ್ಯೂಸ್, ರಿಲೇ ಮತ್ತು ಸ್ಟೀರಿಂಗಿನ ಬಳಿಯ ಕಾಂಬಿನೇಷನ್ ಸ್ವಿಚ್‌ಗಳನ್ನು ಈ ಕ್ರಮದಲ್ಲೇ ಪರೀಕ್ಷಿಸಿ. ಹ್ಯಾಲೊಜನ್ ಬಲ್ಬಿಗೆ ಹತ್ತರಲ್ಲಿ ಒಂದು ಪಾಲು ವೋಲ್ಟೇಜ್ ಕಡಿಮೆಯಾದರೂ ಬೆಳಕಿನಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಹೋಗಿಬಿಡುತ್ತದೆ.

ಬೆಳಕು ಸಾಲದೆಂದು 100 ವ್ಯಾಟ್‌ನ ಬಲ್ಬ್ ಹಾಕಿಸಲು ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಒಪ್ಪಬೇಡಿ. ಮೂಲ ವೈರಿಂಗ್ ಅಷ್ಟು ಕರೆಂಟಿಗೆ ಮಾಡಿದ್ದಲ್ಲ. ಹೋಲ್ಡರ್ ಕರಗಿ ಪಿನ್ನುಗಳು ಒಂದಕ್ಕೊಂದು ಅಂಟಿಕೊಂಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೊಸ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ತಗುಲಿದ ಜಾಗ ಅತಿಯಾಗಿ ಕಾದು ಬಲ್ಬ್ ಬೇಗ ಹೋಗುತ್ತದೆ.

ದೀಪ ಸರಿಯಾದ ಮೇಲೆ, ನೀವು ದಿನವೂ ಹೇರುವಷ್ಟು ಸರಕನ್ನು ಹೇರಿ, ಗೋಡೆಯೆದುರು ಗಾಡಿ ನಿಲ್ಲಿಸಿ ಡಿಪ್ ಬೆಳಕಿನ ಎತ್ತರವನ್ನು ನೋಡಿಕೊಳ್ಳಿ. ಪಿಕಪ್‌ನ ಹಿಂಭಾಗ ಭಾರಕ್ಕೆ ಕುಸಿದಾಗ ಮುಂದಿನ ಬೆಳಕು ಮೇಲೆದ್ದು ಎದುರಿನಿಂದ ಬರುವವರ ಕಣ್ಣಿಗೆ ಕುಕ್ಕುತ್ತದೆ. ಹೆಡ್‌ಲೈಟಿನ ಹಿಂದಿರುವ ಸ್ಕ್ರೂ ತಿರುಗಿಸಿ ಅದನ್ನು ಇಳಿಸಿಕೊಳ್ಳಬಹುದು.